ಕಣ್ಣು ಮಿಟುಕಿಸದ ಉಚ್ಚಂಗೆಮ್ಮ

ಕೊಟ್ಟೂರು ಬಸ್ ನಿಲ್ದಾಣ, ಮಂಗಳವಾರ

ದೊಡ್ಡಮ್ಮಾ,

ಕ್ಷೇಮವಾಗಿ ತಲುಪಿದೆ. ಪಿಂಚಣಿದಾರರ ಮುಖ ನೋಡಿ ಅವರು ಬದುಕಿದ್ದಾರೆಂದು ಖಚಿತಪಡಿಸುವ ನಮ್ಮ ಹೊಸ ಆ್ಯಪ್ ಹಳೆಯ ಮೊಬೈಲಿನಲ್ಲಿ ಹೇಗೆ ನಡೆಯುತ್ತದೆಂದು ಪರೀಕ್ಷಿಸಲು ಬಂದಿದ್ದೇನಲ್ಲ, ಇವತ್ತು ಉಜ್ಜಿನಿಗೆ ಹೋಗಿದ್ದೆ. ಉಚ್ಚಂಗೆಮ್ಮ ಎಂಬ ಅಜ್ಜಿಯ ಮುಖದ ಮುಂದೆ ಮೊಬೈಲ್ ಹಿಡಿದೆ. ಪರದೆಯಲ್ಲಿ ಬೆಳಕಿನ ಉಂಗುರ ಮೂಡಿದ್ದೇ ತಡ, ಮಂಗಳಾರತಿ ಬಂದಂತೆ ಕೈಮುಗಿದು ಕಣ್ಣು ಮುಚ್ಚಿಬಿಟ್ಟರು. ಕಣ್ಣು ಮಿಟುಕಿಸಿದರಷ್ಟೇ ಜೀವ ಇದೆಯೆಂದು ಆ್ಯಪ್ ನಂಬುವುದು. "ಕಣ್ಣು ಮಿಟುಕಿಸಿ ಅಜ್ಜಿ" ಎಂದೆ. ಅವರೊಬ್ಬರನ್ನು ಬಿಟ್ಟು ಸಾಲಿನಲ್ಲಿದ್ದವರೆಲ್ಲ ಮಿಟುಕಿಸಿದರು, ನಾನೂ!

"ದೀಪದ ಮುಂದ ಹಂಗ ಕಣ್ಣು ಪಿಳಿಪಿಳಿ ಮಾಡಬಾರ್ದವ್ವಾ" ಎಂದು ಅಜ್ಜಿ ನನಗೇ ಬುದ್ಧಿ ಹೇಳಿದರು. ಆಗಾಗ ಕಣ್ಣು ತೆರೆದರೂ, ಆ ನಿಧಾನದ ಮೊಬೈಲು ಗಮನಿಸುವಷ್ಟರಲ್ಲಿ ಮತ್ತೆ ಮುಚ್ಚಿರುತ್ತಿದ್ದರು. ಕೊನೆಗೆ ಅದು 'ಜೀವಂತ ವ್ಯಕ್ತಿ ಕಾಣುತ್ತಿಲ್ಲ' ಎಂದಿತು. ಪರೀಕ್ಷೆಯಾದ್ದರಿಂದ ಸರಿಹೋಯಿತು, ನಿಜವಾಗಿದ್ದರೆ ಅವರ ಪಿಂಚಣಿ ನಿಲ್ಲುತ್ತಿತ್ತು. ಆ್ಯಪನ್ನು ಹೀಗೇ ಬಿಡುಗಡೆ ಮಾಡಲು ನಾನಂತೂ ಒಪ್ಪುವುದಿಲ್ಲ.

ಬಿಸಿಲಿಗೆ ಹಿಡಿದಿದ್ದ ತಲೆನೋವು ಬಿಟ್ಟಿದೆ. ನನ್ನ ಊಟದ ಚಿಂತೆಯೂ ಬೇಡ. ಮಧ್ಯಾಹ್ನ, ಮೊಬೈಲಿಗೆ ಕಾಣದ ಆ ಅಜ್ಜಿಯೇ ನನ್ನ ಬಾಡಿದ ಮುಖ ನೋಡಿ, "ಉಂಡಿಲ್ಲೇನವ್ವಾ ನೀನು? ಮನಿಗೆ ಬಾ, ರೊಟ್ಟಿ ಐತಿ" ಎಂದು ಕೈಹಿಡಿದು ಎಬ್ಬಿಸಿದರು.

ಬಸ್ ಬಂತು.
ವಿನುತಾ