ಬಾರದವರ ಕಪಾಟು

ಗುರುವಾರ, ಸೆಪ್ಟೆಂಬರ್ ೧೨
ಹೊಲಿಗೆ ಅಂಗಡಿ, ಊಟದ ಬಿಡುವು

ನನ್ನ ಪ್ರೀತಿಯ ಕಂಡಕ್ಟರಮ್ಮನಿಗೆ,

ನಿನ್ನ ಕತ್ತರಿ ಅಕ್ಕನ ಆಶೀರ್ವಾದಗಳು. ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀ ಎಂದು ಕೇಳುವ ಹಕ್ಕು ಉಳಿದಿದೆಯೋ ಇಲ್ಲವೋ, ಕೇಳುತ್ತಿದ್ದೇನೆ. ಐದು ತಿಂಗಳಾಯಿತು, ನನ್ನಿಂದ ಒಂದು ಮಾತಿಲ್ಲ. ತಪ್ಪು ನನ್ನದೇ. ಬೈಯುವುದಿದ್ದರೆ ಬೈ, ಆದರೆ ಕಾಗದ ಪೂರ್ತಿ ಓದಿ ಬೈ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತೇವೆ ಎಂಬುದು ಮೊನ್ನೆ ತಾನೇ ಗೊತ್ತಾಯಿತು. ಇದನ್ನು ನಿನ್ನ ಡಿಪೋ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಲಕೋಟೆಗೆ ಎರಡು ಸಲ ಗೋಂದು ಹಚ್ಚಿದ್ದೇನೆ, ನಿಮ್ಮ ಟೈಮ್‌ಕೀಪರ್ ಮೂಗು ತೂರಿಸದಿರಲಿ ಎಂದು.

ಮೊನ್ನೆ ಮಂಗಳವಾರ ನಾನು ಆಸ್ಪತ್ರೆಗೆ ಹೋಗಿದ್ದೆ. ಹೌದು, ನಾನೇ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಎಂದು ನಮ್ಮಿಬ್ಬರಿಗೂ ರೇಡಿಯೇಶನ್ನಿನ ಕರೆಂಟ್ ಕೊಟ್ಟು ಮುಗಿಸಿ ಹನ್ನೊಂದು ತಿಂಗಳು. ಮೂರು ತಿಂಗಳಿಗೊಮ್ಮೆ ತೋರಿಸಿಕೊಂಡು ಹೋಗಿ ಎಂದು ಹೇಳಿ ಕಳಿಸಿದ್ದರು. ಜನವರಿ, ಏಪ್ರಿಲ್, ಜುಲೈ. ಮೂರಕ್ಕೆ ಮೂರೂ ನಾನು ಹೋಗಲಿಲ್ಲ. ಡಿಸ್ಚಾರ್ಜ್ ಆದ ದಿನ ನಾವು ಆಡಿದ ಮಾತು ನೆನಪಿದೆಯಾ? ನಿನ್ನ ಖಾಕಿ ಅಂಗಿ ಮೈಗೆ ನಿಲ್ಲುತ್ತಿರಲಿಲ್ಲ ಎಂದು ನಾನು ಮಂಚದ ಮೇಲೆ ಕೂತು ಎರಡೂ ಪಕ್ಕ ಕೈಹೊಲಿಗೆಯಲ್ಲಿ ಹಿಡಿಯುತ್ತಿದ್ದೆ. ನೀನು ಹೇಳಿದೆ, "ಅಕ್ಕ, ಚೆಕಪ್ಪಿಗೆ ಒಟ್ಟಿಗೇ ಬರೋಣ. ಒಬ್ಬಳೇ ಆ ರೂಮಿಗೆ ಹೋಗೋದು ನನ್ ಕೈಲಾಗಲ್ಲ." ನಾನು ಹಲ್ಲಿನಲ್ಲಿ ದಾರ ಕಡಿಯುತ್ತಾ "ಹ್ಞೂಂ ಕಣೆ" ಅಂದಿದ್ದೆ.

ಮೊನ್ನೆ ದಾಖಲೆ ಕೌಂಟರಿನಲ್ಲಿ ಕಾರ್ಡು ಕೊಟ್ಟರೆ, ಗುಮಾಸ್ತ ನನ್ನ ಮುಖ ನೋಡಿದ, ಕಾರ್ಡು ನೋಡಿದ. "ನಿಮ್ದು ಇಲ್ಲಿಲ್ಲಮ್ಮ, ಬಾರದವರ ಕಪಾಟಲ್ಲಿದೆ" ಎಂದು ಎದ್ದು ಹೋದ. ನಾನೂ ಅವನ ಹಿಂದೆಯೇ ಹೋದೆ. ಮೆಟ್ಟಿಲ ಕೆಳಗೆ ಕಬ್ಬಿಣದ ಕಪಾಟು. ಅದರ ತುಂಬ ನಮ್ಮಂಥವರ ಫೈಲುಗಳು, ಧೂಳು ಹಿಡಿದು, ರಬ್ಬರ್ ಬ್ಯಾಂಡಿನಲ್ಲಿ ಎರಡೆರಡು ಮೂರು ಮೂರು ಕಟ್ಟಿಟ್ಟಿದ್ದಾರೆ. ನಮ್ಮ ಅಂಗಡಿಯಲ್ಲೂ ಇಂಥದ್ದೊಂದು ಇದೆಯಲ್ಲ, ಟ್ರಯಲ್ಲಿಗೆ ಬಾರದ ಗಿರಾಕಿಗಳ ಬಟ್ಟೆ ನೇತುಹಾಕುವ ಸರಳು. ಮೂವತ್ತು ವರ್ಷದಿಂದ ಆ ಸರಳು ನೋಡಿ ನಾನು ಮೂಗು ಮುರಿದಿದ್ದೇನೆ. ಅಳತೆ ಕೊಟ್ಟು ಹೋದವರಿಗೆ ಬಂದು ಒಂದು ಸಲ ಹಾಕಿ ನೋಡಲು ಏನು ದಾಡಿ ಎಂದು. ಈಗ ನೋಡು, ನಾನೇ ನೇತಾಡುತ್ತಿದ್ದೇನೆ.

ಗುಮಾಸ್ತ ಒಂದು ಫಾರಂ ಕೊಟ್ಟ. "ಬಾರದಿರಲು ಕಾರಣ" ಎಂದು ಮೇಲೆ ಅಚ್ಚು ಹಾಕಿದ್ದಾರೆ. ಕೆಳಗೆ ಮೂರು ಚೌಕ: ದೂರ, ಖರ್ಚು, ಮರೆವು. ಯಾವುದಾದರೊಂದಕ್ಕೆ ಗುರುತು ಹಾಕಬೇಕಂತೆ.

"ಇದರಲ್ಲಿ ನಂದಿಲ್ಲ," ಅಂದೆ.

"ಎಲ್ಲಾರೂ ಮರೆವಿಗೆ ಹಾಕ್ತಾರಮ್ಮ, ಹಾಕಿಬಿಡಿ."

"ಎಂಟು ಮಷಿನ್ನಿಗೆ ದಿನಾ ಬಟ್ಟೆ ಕತ್ತರಿಸಿ ಕೊಡ್ತೀನಪ್ಪ. ಯಾರ ತೋಳು ಎಷ್ಟು ಉದ್ದ ಅಂತ ಹತ್ತು ವರ್ಷ ಆದ್ಮೇಲೂ ಹೇಳ್ತೀನಿ. ನನಗೆ ಮರೆವು ಅಂತ ಬರೀಬೇಡ."

ಫಾರಂ ಮಗುಚಿ ಹಿಂದುಗಡೆ ಬರೆಯಲು ಕೂತೆ. ಅವನು "ಅಲ್ಲಿ ಬರೀಬಾರ್ದು" ಅಂದ. ಅವನ ಮಾತಿಗೆ ಸೊಪ್ಪು ಹಾಕಲಿಲ್ಲ. ಏನು ಬರೆದೆ ಎಂದು ನಿನಗೂ ಹೇಳುತ್ತೇನೆ, ನಿನಗೆ ಹೊಸದೇನಲ್ಲ. ಕೊನೇ ದಿನ ಡಾಕ್ಟರು "ಟ್ರೀಟ್‌ಮೆಂಟ್ ಮುಗೀತು" ಅಂದರು. ಅದನ್ನು ಕೇಳಿ ನಮ್ಮ ಮನೆಯವರು ಕಾರಿಡಾರಿನಲ್ಲೇ ಅತ್ತುಬಿಟ್ಟರು. ಅವರ ಪಾಲಿಗೆ ಅದು ಮುಗಿಯಿತು ಎಂದರೆ ಮುಗಿಯಿತು. ಕಾರ್ಡನ್ನು ತಮ್ಮ ಬ್ರಷ್ಷುಗಳ ಡಬ್ಬದ ತಳಕ್ಕೆ ಸೇರಿಸಿದರು. ನಾನು ಚೆಕಪ್ಪಿನ ಮಾತೆತ್ತಿದರೆ "ವಾಸಿಯಾದದ್ದನ್ನ ಯಾಕೆ ಕೆದಕ್ತೀಯೆ, ಸುಮ್ನಿರು" ಅನ್ನುತ್ತಿದ್ದರು. ಮನೆಗಳಿಗೆ ಬಣ್ಣ ಬಳಿಯುವ ಮನುಷ್ಯ. ಗಿರಾಕಿಗಳಿಗೆ ಮಾತ್ರ "ಹಳೇದನ್ನ ಕೆರೀದೆ ಬಳಿದ್ರೆ ನಿಲ್ಲಲ್ಲ ಸ್ವಾಮಿ" ಎಂದು ಪಾಠ ಹೇಳುತ್ತಾರೆ.

ಅಂಗಡಿಯಲ್ಲಿ ರಜೆ ಕೇಳಿದರೆ ಎಂಟೂ ಮಷಿನ್ನು ನಿಂತು ಕಿವಿ ನೆಟ್ಟಗಾಗುತ್ತವೆ. ಯಜಮಾನಿ ಅಷ್ಟು ಜನರ ಎದುರೇ "ಎಲ್ಲಿಗೆ? ಏನಾಗಿದೆ? ಯಾವ ಡಾಕ್ಟ್ರು?" ಎಂದು ಕೇಳುತ್ತಾಳೆ. ಇನ್ನು ನಮ್ಮ ಅತ್ತಿಗೆ. "ಆ ಜಾಗಕ್ಕೆ ಬರೋ ಕಾಯಿಲೆ ಸುಮ್ ಸುಮ್ನೆ ಬರುತ್ತಾ?" ಎಂದು ಯಾರ ಬಳಿಯೋ ಹೇಳಿದ್ದು ನನ್ನ ಕಿವಿಗೂ ಬಿತ್ತು. ಆಗ ನಾಲಿಗೆ ಹೊರಳಲಿಲ್ಲ. ಹೋದ ವಾರ ಹೊರಳಿತು. "ನೆಗಡಿ ಬಂದ್ರೆ ನಿನ್ನ ಮೂಗಿನ ನಡತೆ ವಿಚಾರಿಸ್ತಾರೇನು ಅತ್ತಿಗೆ?" ಅಂದೆ. ಈಗ ಅವಳು ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ, ಮನೆ ನೆಮ್ಮದಿಯಾಗಿದೆ.

ಆ ರೂಮಿನ ವಿಷಯವನ್ನೂ ಬರೆದೆ. ಕರೆಂಟ್ ಕೊಟ್ಟ ಮೇಲೆ ಒಳಗೆಲ್ಲ ಬಿಗಿದು ಒಣಗುತ್ತದೆ ಎಂದು ನಮಗೆ ಯಾರೂ ಬಿಡಿಸಿ ಹೇಳಲಿಲ್ಲ. ಡಿಸ್ಚಾರ್ಜಿನ ಮುಂಚೆ, ಒಳಗೆ ಅಗಲಿಸಿ ನೋಡುವ ಆ ಉಕ್ಕಿನ ಚಿಮ್ಮಟ ಹಾಕಿದಾಗ ನಾನು ಮಂಚದ ಅಂಚು ಹಿಡಿದು ಹಲ್ಲು ಕಚ್ಚಿದ್ದೆ. ನರ್ಸು "ಸಡಿಲ ಬಿಡಿ, ಸಡಿಲ ಬಿಡಿ" ಎನ್ನುತ್ತಿದ್ದಳು. ಪರದೆ ಅರ್ಧಕ್ಕೇ ನಿಂತಿತ್ತು, ಕಾಲ ಬಳಿ ಡಾಕ್ಟರಿಕೆ ಕಲಿಯುವ ಮಕ್ಕಳು ನಾಲ್ಕು ಜನ. ಅದು ಮತ್ತೆ ಬೇಡವೆನಿಸಿತು. ಇದಕ್ಕೆ ಯಾವ ಚೌಕವಿದೆ? ಹಾಗೆಂದೇ ಬರೆದೆ.

ಈ ಸಲ ಒಳಗೆ ಹೋದವಳು ಮೊದಲು ಪರದೆಯನ್ನು ಪೂರ್ತಿ ಎಳೆದೆ. ಕಲಿಯುವವರನ್ನು "ಇವತ್ತು ಬೇಡ ಮಕ್ಕಳೇ" ಎಂದು ಕಳಿಸಿದೆ. ಡಾಕ್ಟರಮ್ಮ ಹೊಸಬಳು, ನನ್ನ ಮಗಳ ವಯಸ್ಸು. ಅವಳು ಅದೇ ಚಿಮ್ಮಟ ಕೈಗೆತ್ತಿಕೊಂಡಳು.

"ಇದರಲ್ಲಿ ಚಿಕ್ಕ ಸೈಜು ಇಲ್ವೇನಮ್ಮ?" ಅಂದೆ. "ಎಲ್ಲರಿಗೂ ಒಂದೇ ಅಳತೆ ಅಂಗಿ ಹೊಲಿದ್ರೆ ಗಿರಾಕಿ ನನ್ನ ಮುಖಕ್ಕೆ ಎಸೀತಾರೆ."

ಅವಳು ನಕ್ಕಳು. ಡ್ರಾಯರು ಎಳೆದರೆ ಚಿಕ್ಕದು ಅಲ್ಲೇ ಇತ್ತು. "ನೀವು ಹೇಳಿದ್ರೆ ಮೊದಲೇ ತೆಗೀತಿದ್ದೆನಲ್ಲ," ಅಂದಳು.

"ನೀವು ಕೇಳಿದ್ರೆ ಮೊದಲೇ ಹೇಳ್ತಿದ್ದೆ."

ನೋವಾಯಿತು, ಆಗಲಿಲ್ಲ ಎಂದು ಹೇಳುವುದಿಲ್ಲ. ಆದರೆ ತಡೆದುಕೊಳ್ಳುವಷ್ಟೇ. ಆ ಬಿಗಿತಕ್ಕೆ ಮನೆಯಲ್ಲೇ ಮಾಡುವ ಉಪಾಯವೂ ಇದೆಯಂತೆ, ಹಚ್ಚುವ ಮುಲಾಮೂ ಇದೆಯಂತೆ, ಚೀಟಿ ಬರೆದುಕೊಟ್ಟಳು. ಎಲ್ಲ ನೋಡಿ "ಸದ್ಯಕ್ಕೆ ಏನೂ ಕಾಣಿಸ್ತಿಲ್ಲ, ಡಿಸೆಂಬರಿಗೆ ಬನ್ನಿ" ಅಂದಳು. ಮತ್ತೆ ಬಂದರೂ ಬೇಗ ಸಿಕ್ಕರೆ ಮಾಡುವುದು ಬೇಕಾದಷ್ಟಿದೆ, ತಡವಾದರೆ ಕೈ ಕಟ್ಟಿಹಾಕಿದ ಹಾಗೆ ಎಂದು ಬಿಡಿಸಿ ಹೇಳಿದಳು. ಹನ್ನೊಂದು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡ ಭಯವನ್ನು ಅಲ್ಲೇ ಬಿಟ್ಟು ಬಂದೆ. ಮನೆಗೆ ಬಂದು ಬ್ರಷ್ ಡಬ್ಬದ ಮುಂದೆ ಕಾರ್ಡು ಹಿಡಿದು ನಿಂತೆ. "ಇದನ್ನ ಗೋಡೆಗೆ ಮೊಳೆ ಹೊಡೆದು ಹಾಕ್ರಿ" ಅಂದೆ. ಮನೆಯವರು ಎದ್ದು ಮೊಳೆ ಹುಡುಕಿದರು. ಆಮೇಲೆ ಸುತ್ತಿಗೆ ತಂದರು. ಈಗ ಅದು ಕನ್ನಡಿಯ ಪಕ್ಕ ತೂಗುತ್ತಿದೆ. ಬಂದವರು ನೋಡಲಿ.

ಈಗ ಫೋನಿನ ಸುಳ್ಳಿಗೆ ಬರುತ್ತೇನೆ. ನಾವು ಆಸ್ಪತ್ರೆ ಸೇರಿದ್ದು ಒಂದೇ ದಿನ, ನಂಬರು ಹಿಂದು ಮುಂದು. ಗುಮಾಸ್ತ ನನ್ನ ಫೈಲಿನ ರಬ್ಬರ್ ಬ್ಯಾಂಡು ಬಿಚ್ಚಿದಾಗ ಜೊತೆಗೆ ಇನ್ನೊಂದು ಜಾರಿ ನನ್ನ ಕಾಲ ಮೇಲೆ ಬಿತ್ತು. ಮೇಲಿನ ಹೆಸರು ನಿನ್ನದು. "ಇವ್ರು ಬರ್ತಿದ್ದಾರಲ್ಲ, ಜನವರೀಲಿ ಬಂದಿದ್ರಲ್ಲ" ಅಂದೆ. ಅವನು "ಇಲ್ಲಮ್ಮ, ಇವ್ರೂ ಒಂದ್ ಸಲವೂ ಬಂದಿಲ್ಲ" ಅಂದ.

ಜನವರಿಯ ಆ ಸಂಜೆ ನೀನು ನನಗೆ ಫೋನಿನಲ್ಲಿ ಹೇಳಿದ್ದೇನು? "ಹೋಗಿ ಬಂದೆ ಅಕ್ಕ, ಎಲ್ಲ ಸರಿ ಇದೆ ಅಂದ್ರು." ನಾನು ಹೇಳಿದ್ದೇನು? "ಸಂಕ್ರಾಂತಿ ಬಟ್ಟೆಗಳ ಅವಸರ ಕಣೆ, ಬಿಡಿಸಿಕೊಳ್ಳೋಕೆ ಆಗ್ಲಿಲ್ಲ." ಏಪ್ರಿಲ್ಲಿನಲ್ಲಿ ಮನೆಯವರಿಗೆ ಜ್ವರ ಎಂದೆ. ಜ್ವರವೂ ಇರಲಿಲ್ಲ. ಆಮೇಲೆ ನೀನು ಫೋನು ಮಾಡುವುದನ್ನೇ ಬಿಟ್ಟೆ. ನಾನಿಲ್ಲದೆ ನೀನು ಒಳಗೆ ಹೋಗುವವಳಲ್ಲ ಎಂದು ನನಗೆ ಗೊತ್ತಿರಬೇಕಿತ್ತು.

ಸಾಕು. ಬರುವ ಮಂಗಳವಾರ ನಿನ್ನ ಫೈಲನ್ನು ಆ ಕಪಾಟಿನಿಂದ ಹೊರಗೆ ತೆಗೆಸುತ್ತೇನೆ. ಗುಮಾಸ್ತನಿಗೆ ಆಗಲೇ ಹೇಳಿ ಬಂದಿದ್ದೇನೆ, ಅವನು ಈಗ ನನ್ನ ಕಂಡರೆ ಎದ್ದು ನಿಲ್ಲುತ್ತಾನೆ. ಬಸ್ಸಿನಲ್ಲಿ ಅಷ್ಟು ಜನ ಗಂಡಸರನ್ನು "ಒಳಗೆ ಹೋಗ್ರೀ, ಒಳಗೆ ಹೋಗ್ರೀ" ಎಂದು ತಳ್ಳುವವಳು ನೀನು. ನೀನೂ ಒಳಗೆ ಬರಬೇಕು, ಅಷ್ಟೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನ್ನ ಶಿಳ್ಳೆ ರಸ್ತೆಯ ಆ ತುದಿಗೂ ಕೇಳುತ್ತಿರಲಿ.

ಇತಿ,
ನಿನ್ನ ಕತ್ತರಿ ಅಕ್ಕ

ಇನ್ನೂ ಒಂದು: ಮೇಲೆ ಬರೆದ ಕಾರಣಗಳೆಲ್ಲ ನಿಜ. ಆದರೆ ಒಂದನ್ನು ಆ ಫಾರಂ ಹಿಂದೆಯೂ ಬರೆಯಲಿಲ್ಲ. ಜನವರಿಯಲ್ಲಿ ನಾನು ಬಂದಿದ್ದೆ. ಗೇಟಿನವರೆಗೆ ಬಂದಿದ್ದೆ. ನೀನು ಬೆಂಚಿನ ಮೇಲೆ ಕೂತು ಪಕ್ಕದ ಜಾಗಕ್ಕೆ ನಿನ್ನ ಟಿಕೆಟ್ ಚೀಲ ಇಟ್ಟಿದ್ದೆ, ನನಗೆಂದು. ಅದೇ ಖಾಕಿ ಅಂಗಿ ತೊಟ್ಟಿದ್ದೆ. ನಾನು ಹಿಡಿದು ಹೊಲಿದಾಗ ಅದರಲ್ಲಿ ಒಂದು ಬೆರಳು ತೂರುವಷ್ಟೂ ಸಡಿಲ ಇರಲಿಲ್ಲ. ಅವತ್ತು ಭುಜದಿಂದ ಎರಡು ಅಂಗುಲ ಜಾರಿತ್ತು. ಮೂವತ್ತು ವರ್ಷ ಅಳತೆ ತೆಗೆದ ಕಣ್ಣು, ಕಾಣಬಾರದು ಎಂದರೂ ಕಂಡಿತು. ನೀನು ಮತ್ತೆ ಇಳಿದುಹೋಗಿದ್ದೆ, ಕಾಯಿಲೆ ಮರಳಿತೇನೋ ಎನಿಸಿತು; ನಿನಗೆ ಹೇಳಬೇಕಿತ್ತು. ನನಗೂ ಅದೇ ಆಗುತ್ತದೆ ಎಂದು ಹೆದರಿ ಕಾಲ್ಕಿತ್ತೆ. ನಾನು ಬರುತ್ತೇನೆ ಎಂದು ನೀನು ಅದೆಷ್ಟು ಹೊತ್ತು ಕಾದೆಯೋ. ಎಂಟು ತಿಂಗಳು ಆ ಎರಡು ಅಂಗುಲವನ್ನು ನುಂಗಿಕೊಂಡಿದ್ದೇನೆ. ಕ್ಷಮಿಸು ಎಂದು ಕೇಳುವುದಿಲ್ಲ, ಅದು ನಿನಗೆ ಬಿಟ್ಟದ್ದು. ಅದೇ ಅಂಗಿ ತೊಟ್ಟು ಬಾ. ನನ್ನ ತಾರೀಕು ಡಿಸೆಂಬರಿಗೆ ಇದ್ದರೂ ಮಂಗಳವಾರ ಒಂಬತ್ತು ಗಂಟೆಗೆ ಆ ಬೆಂಚಿನ ಮೇಲೆ ಕೂತಿರುತ್ತೇನೆ, ಪಕ್ಕದಲ್ಲಿ ನನ್ನ ಚೀಲ ಇಟ್ಟುಕೊಂಡು. ನೀನು ಬರುವವರೆಗೆ ಯಾರು ಬಂದು ಎಬ್ಬಿಸಿದರೂ ಏಳುವುದಿಲ್ಲ.