ಮುಂದಿನ ಆವೃತ್ತಿಗೆ ಕಾದಿರುವ ಲಗ್ನಪತ್ರಿಕೆ

ಹೊಸ ಅರಸೀಕೆರೆ, ಚಂದ್ರನ ಹಿಂಬದಿ
ಫೆಬ್ರವರಿ ೩೧, ೨೪೧೯

ವೆಬ್ ಪುಟಗಳನ್ನು ಕಟ್ಟುವ, ಕಟ್ಟಿದ್ದನ್ನು ಕೆಡವಿ ಮತ್ತೆ ಕಟ್ಟುವ ಪೂರ್ವಜರಿಗೆ ಕುಮುದಿನಿಯ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮ ಪಂಚಾಂಗಕ್ಕೆ ಮೊನ್ನೆ ಹೊಸ ಆವೃತ್ತಿ ಬಂದಿದೆ. ದೋಷ ತಿದ್ದುವವರೆಗೆ ಫೆಬ್ರವರಿ ಮುಗಿಯುವುದಿಲ್ಲವಂತೆ. ಕಾಲದಲ್ಲಿ ಹಿಂದಕ್ಕೆ ಹೋಗುವ 'ಹಿಂದಂಚೆ'ಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಮಾತುಗಳು ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ಪುಟ ಕಟ್ಟಲು ಬಳಸುವ ಸಿದ್ಧ ಹಂದರಕ್ಕೆ ನೀವು ಫ್ರೇಮ್‌ವರ್ಕ್ ಎನ್ನುತ್ತೀರಿ, ನಮ್ಮಲ್ಲಿ ಅದು 'ಚೌಕಟ್ಟು'. ಹೊಸ ಚೌಕಟ್ಟು ಬಂದಾಗ ಬೀದಿಯಲ್ಲಿ ಬಾರಿಸುವುದು 'ಬಿಡುಗಡೆ ಡೋಲು'. ಆ ಸದ್ದು ಕೇಳಿದೊಡನೆ, ಚೆನ್ನಾಗಿ ನಡೆಯುತ್ತಿರುವ ಪುಟವನ್ನು ಕೆಡವಿ ಮೊದಲಿನಿಂದ ಕಟ್ಟಬೇಕೆನಿಸುವ ಕಾಯಿಲೆಗೆ 'ಮರುಕಟ್ಟು' ಎಂದು ಹೆಸರು. ವೈದ್ಯರು ಕಷಾಯ ಕೊಡುತ್ತಾರೆ. ಕಷಾಯಕ್ಕೂ ಹೊಸ ಆವೃತ್ತಿ ಬರುವುದರಿಂದ ಈವರೆಗೆ ಯಾರೂ ಗುಣವಾದದ್ದಿಲ್ಲ.

ಉಳಿದಂತೆ ಇಲ್ಲಿ ಸುಖವೇ. ತೂಕ ಕಡಿಮೆಯಾದ ಊರು. ಒಗ್ಗರಣೆಯ ಸಾಸಿವೆ ಸಿಡಿದರೆ ಪಕ್ಕದ ಮನೆಯ ಪಲ್ಯಕ್ಕೆ ಬೀಳುತ್ತದೆ. ನನ್ನ ಸೋದರತ್ತೆ ಗೌರಕ್ಕ ಕೋಪದಿಂದ ಎಸೆದ ಸೌಟು, ಅವರ ಸಿಟ್ಟು ಇಳಿದ ಮೇಲೆಯೇ ನೆಲಕ್ಕಿಳಿಯುತ್ತದೆ. ಭಾರವಾಗಿರುವುದು ಮದುವೆಯ ಕಾನೂನೊಂದೇ. ಲಗ್ನಪತ್ರಿಕೆ ಪ್ರಕಟವಾಗಿ, ಅದನ್ನು ಒಬ್ಬರಾದರೂ ಓದದೆ ಇಲ್ಲಿ ತಾಳಿ ಕಟ್ಟುವಂತಿಲ್ಲ. ಪತ್ರಿಕೆಯೆಂದರೆ ವೆಬ್ ಪುಟವೇ ಎಂಬುದು ರೂಢಿ.

ನನ್ನ ಕೈಹಿಡಿಯಬೇಕಾದ ತೀರ್ಥೇಶ ಪುಟ ಕಟ್ಟುವ ಕಸುಬಿನವನು. ಬೇರೆಯವರಿಗೆ ಒಪ್ಪಿಸುವುದು ಅವಮಾನವೆಂದು ನಮ್ಮ ಪತ್ರಿಕೆಯನ್ನು ತಾನೇ ಕೈಗೆತ್ತಿಕೊಂಡ. ನಿಶ್ಚಿತಾರ್ಥದ ಹೂ ಬಾಡುವ ಮೊದಲೇ ಪುಟ ಮುಗಿದಿತ್ತು. ಅಷ್ಟರಲ್ಲಿ ಬಿಡುಗಡೆ ಡೋಲು ಕೇಳಿಸಿತು. ಹೊಸ ಚೌಕಟ್ಟಿನಲ್ಲಿ ಮಾವಿನ ತೋರಣ ಗಾಳಿಗೆ ಅಲ್ಲಾಡುತ್ತದೆಂದು ಎಲ್ಲ ಕೆಡವಿದ. ಮತ್ತೆ ಕಟ್ಟಿದ, ಮತ್ತೆ ಡೋಲು. ಈ ಸಲದ ಚೌಕಟ್ಟು ತೋರಣವನ್ನೇ ಒಪ್ಪಲಿಲ್ಲ. ಹೀಗೆಯೇ ವರ್ಷಗಳು ಉರುಳಿದವು. ಕಳೆದ ವಾರ ಪುಟ ಪ್ರಕಟಿಸುವ ಗುಂಡಿ ಒತ್ತುವುದೊಂದೇ ಬಾಕಿ, ಬೆರಳೆತ್ತಿದ್ದ. ಡೋಲು ಕೇಳಿ ಅದೇ ಬೆರಳನ್ನು ನನ್ನತ್ತ ತಿರುಗಿಸಿ, "ಇದೊಂದೇ ಕಣೇ ಕುಮ್ಮಿ, ಇದಾದ್ಮೇಲೆ ಇನ್ನೇನೂ ಬರಲ್ಲ" ಎಂದ. ಗೌರಕ್ಕ ಕೈಯಲ್ಲಿದ್ದ ಮೊರ ಕೆಳಗಿಟ್ಟರು. "ಏನಪ್ಪಾ ಅಳಿಯಂದ್ರೇ, ಪತ್ರಿಕೆ ಕಟ್ತಿದೀರೋ, ಕೋಟೆ ಕಟ್ತಿದೀರೋ? ಹುಡುಗಿ ಕೂದ್ಲು ಬೆಳ್ಳಗಾಗ್ತಿದೆ!" ಅವನು ಬಹು ಗಂಭೀರವಾಗಿ, "ಫೋಟೋದಲ್ಲಿ ಅದನ್ನ ಕಪ್ಪು ಮಾಡೋದು ಹೊಸದ್ರಲ್ಲಿ ಸುಲಭ ಅತ್ತೆ" ಎಂದ.

ನನಗೆ ನಗು ಬಂತು. ಅದೇ ನನ್ನ ದೌರ್ಬಲ್ಯ. ಹೊಸದೊಂದು ಬಂದಾಗ ಅವನ ಮುಖ, ನನ್ನನ್ನು ಮೊದಲ ಸಲ ಕಂಡಾಗ ಹೇಗಿತ್ತೋ ಹಾಗೆಯೇ ಅರಳುತ್ತದೆ. ನನ್ನ ವಿಷಯದಲ್ಲಿ ಮಾತ್ರ ಅವನು ಒಮ್ಮೆಯೂ ಮುಂದಿನ ಆವೃತ್ತಿ ಕೇಳಿದವನಲ್ಲ. ಆ ಮುಖವೂ ಬೇಕು, ಮದುವೆಯೂ ಬೇಕು.

ಹಾಗಾಗಿ ಕಾನೂನನ್ನು ಇನ್ನೊಮ್ಮೆ ಓದಿದೆ. ಪತ್ರಿಕೆ ವೆಬ್ ಪುಟವೇ ಆಗಿರಬೇಕೆಂದಾಗಲಿ, ಅದಕ್ಕೆ ಚೌಕಟ್ಟು ಇರಲೇಬೇಕೆಂದಾಗಲಿ ಅದರಲ್ಲಿಲ್ಲ. ಓದುವವರು ಯಾವ ಶತಮಾನದವರಾಗಿರಬೇಕೆಂದೂ ಇಲ್ಲ. ಇಷ್ಟು ದೂರ ಓದಿಕೊಂಡು ಬಂದಿರುವ ನೀವು, ಪಾಪ, ಗೊತ್ತಿಲ್ಲದೆಯೇ ನಮ್ಮ ಲಗ್ನಪತ್ರಿಕೆ ಓದುತ್ತಿದ್ದೀರಿ. ಚಿ|| ತೀರ್ಥೇಶ, ಚಿ||ಸೌ|| ಕುಮುದಿನಿ. ಮುಹೂರ್ತ ಬರುವ ಗುರುವಾರ ಬೆಳಗ್ಗೆ. ವರನಿಗೆ ಇನ್ನೂ ತಿಳಿಸಿಲ್ಲ.

ನಾನೂರು ವರ್ಷ ದಾಟಿ ಬರುವುದು ಕಷ್ಟವೆಂದು ಬಲ್ಲೆ, ಇದ್ದಲ್ಲಿಂದಲೇ ಹರಸಿ. ನೀವು ಹೊರತರುವ ಒಂದೊಂದು ಚೌಕಟ್ಟಿಗೂ ಇಲ್ಲಿ ನೂರಾರು ಮರಿಮಕ್ಕಳಿವೆ, ಒಂದೊಂದಕ್ಕೂ ಒಂದು ಡೋಲಿದೆ. ಆದ್ದರಿಂದ ಉಡುಗೊರೆ ಖಂಡಿತ ಬೇಡ. ತಾಳಿಯ ಮೂರನೆಯ ಗಂಟು ಬೀಳುವವರೆಗೆ ಯಾರೂ ಏನನ್ನೂ ಬಿಡುಗಡೆ ಮಾಡದಿರುವುದೇ ಆಶೀರ್ವಾದ.