ಎರಡು ಕಪ್ಪಿನ ಥಾನು

೧೪ ಅಕ್ಟೋಬರ್ ೨೦೨೫, ಮಂಗಳವಾರ

ಹಳೆ ಫೋನಿಗೆ ಎಂಟುನೂರು, ಸತ್ಯನಾರಾಯಣಪೇಟೆಯ ಮೊಬೈಲ್ ರಿಪೇರಿ ದುರ್ಗೇಶನ ಕೂಲಿ ಇನ್ನೂರು. ಪುಣ್ಯಾತ್ಮ, ಕ್ಯಾಮೆರಾದಲ್ಲಿ ಅತಿಗೆಂಪು ಬೆಳಕನ್ನು ತಡೆಯುವ ಗಾಜು ಕಿತ್ತು, ಕಣ್ಣಿಗೆ ಕಾಣುವ ಬೆಳಕು ಒಳಬರದಂತೆ ಹಳೆ ಮದುವೆ ಫಿಲ್ಮಿನ ಕಪ್ಪು ತುದಿ ಕೂರಿಸಿದ. “ಕಣ್ಣಿಗೆ ಒಂದ ಕಪ್ಪು, ಇದಕ್ಕ ಬ್ಯಾರೆ ಬ್ಯಾರೆ ನೋಡ್ರಿ,” ಅಂದ.

ನಮ್ಮ ಕಾರ್ಖಾನೆಯ ಕಪ್ಪು ಜೀನ್ಸು ಒಗೆದರೆ ಎರಡು ಕಾಲು ಎರಡು ಬಣ್ಣವಾಗುತ್ತಿತ್ತು. ಬೇರೆ ಬೇರೆ ಬಟ್ಟೆ ಥಾನು ಬೆರೆಸಿ ಕತ್ತರಿಸಿದ್ದಾಳೆಂದು ಕಟಿಂಗಿನ ಸುಂಕಲಮ್ಮನನ್ನು ನಿನ್ನೆ ಕೆಲಸ ಬಿಡಿಸಿದ್ದೆ. ಇಂದು ಅವಳನ್ನು ಕರೆಸಿ, ಅವಳೆದುರೇ ಕತ್ತರಿ ತಾಗದ ಹೊಸ ಥಾನನ್ನು ಬಿಸಿಲಿಗೆ ಹಾಸಿ ಫೋನು ಹಿಡಿದೆವು. ನಡುವಿನ ಹೊಲಿಗೆಯ ಈಚೆ ಕಪ್ಪು, ಆಚೆ ಬೆಳ್ಳಗೆ! ಎರಡು ಬಗೆಯ ಬಣ್ಣದ ತುಂಡು ಜೋಡಿಸಿ ಕಳಿಸಿದವರು ಮಿಲ್ಲಿನವರೇ.

“ತಪ್ಪಾತವ್ವ, ನಾಳೆ ಬಾ,” ಅಂದೆ.

“ನಾಳೆ ಯಾಕ್ರಿ ಸಾವ್ಕಾರ? ಹೊತ್ತಿನ್ನೂ ಐತಿ,” ಎಂದು ಕತ್ತರಿ ಎತ್ತಿಕೊಂಡಳು. ಬೈದಿದ್ದರೆ ಹಗುರಾಗುತ್ತಿತ್ತು.

ಸುಂಕಲಮ್ಮನಿಗೆ ಕೆಲಸ, ದುರ್ಗೇಶನಿಗೆ ಹೆಸರು, ಮಿಲ್ಲಿಗೆ ವಾಪಸು ಥಾನು. ಹೆಚ್ಚು ಸಿಕ್ಕಿದ್ದು ನನಗೇ: ಸುಂಕಲಮ್ಮ.